ತಾತ್ಕಾಲಿಕ ನೋಂದಣಿ ಎಂದರೇನು?



ಕಾಯಿಕೊರಕದ ಕಾಲ ಬಂತೆಂದರೆ ಹೊಸ ಹೊಸ ಔಷಧಿ ಮಾರುವವರು ನಮ್ಮ ಕಣದವರೆಗೂ ಬರುತ್ತಾರೆ. "ಇದಕ್ಕೆ ಸರ್ಕಾರದ ತಾತ್ಕಾಲಿಕ ನೋಂದಣಿ ಆಗಿದೆ" ಎನ್ನುತ್ತಾರೆ. ಈ ಮಾತಿನ ಅರ್ಥವೇನೆಂದು ಹುದಿಕೇರಿಯ ಸುತ್ತಿನ ಹಲವು ಸದಸ್ಯರು ಸಂಘದ ಕಚೇರಿಗೆ ಬಂದು ಕೇಳಿದ್ದುಂಟು. ಆದುದರಿಂದ ಈ ಪಾಠ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ಇಂಥದೇ ಮಾತು ನಂಬಿ ನಾವು ಒಂದು ಬಾಟಲಿ ಕೊಂಡೆವು. ನೋಂದಣಿ ಸಂಖ್ಯೆ ಇದೆಯೇ ಎಂದು ನೋಡಲಿಲ್ಲ. ಸಿಂಪಡಿಸಿದ ದಿನ ಸಂಜೆ ಇಬ್ಬರು ಆಳುಗಳಿಗೆ ತಲೆಸುತ್ತು, ವಾಂತಿ ಶುರುವಾಯಿತು. ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ಯಾವ ವಿಷ?" ಬಾಟಲಿಯ ಮೇಲೆ ವಿಷದ ಹೆಸರೂ ಇರಲಿಲ್ಲ, ಪ್ರತಿವಿಷದ ಹೆಸರೂ ಇರಲಿಲ್ಲ. ದೇವರ ದಯೆಯಿಂದ ಇಬ್ಬರೂ ಗುಣವಾದರು. ಆ ರಾತ್ರಿ ನಮಗೆ ಕಾನೂನಿನ ಬೆಲೆ ತಿಳಿಯಿತು.

ಈ ಕಾನೂನು ಹುಟ್ಟಿದ್ದೂ ಒಂದು ದುರಂತದಿಂದಲೇ. ೧೯೫೮ರಲ್ಲಿ ಹಡಗಿನಲ್ಲಿ ಆಹಾರ ಪದಾರ್ಥದ ಜೊತೆಗೆ ಬಂದ ಪ್ಯಾರಾಥಿಯಾನ್ ಸೋರಿ, ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ವಿಚಾರಣೆ ನಡೆಯಿತು. ಮುಂದೆ ೧೯೬೮ರಲ್ಲಿ ಕೀಟನಾಶಕ ಕಾಯಿದೆ, ೧೯೭೧ರಲ್ಲಿ ಅದರ ನಿಯಮಗಳು ಬಂದವು.

ಈ ಕಾಯಿದೆಯಂತೆ ಕೀಟನಾಶಕವನ್ನು ತಯಾರಿಸುವವರು ಅಥವಾ ಆಮದು ಮಾಡುವವರು ಕೇಂದ್ರದ ನೋಂದಣಿ ಸಮಿತಿಗೆ ಅರ್ಜಿ ಹಾಕಬೇಕು. ಸಮಿತಿಯ ಕಚೇರಿ ಫರೀದಾಬಾದಿನಲ್ಲಿದೆ. ಅರ್ಜಿಯೊಡನೆ ಮುಖ್ಯವಾಗಿ ನಾಲ್ಕು ಬಗೆಯ ವಿವರ ಕೊಡಬೇಕು: ಔಷಧಿಯ ರಾಸಾಯನಿಕ ರಚನೆ, ಬೆಳೆಯ ಮೇಲೆ ಅದರ ಪರಿಣಾಮ ಮತ್ತು ಉಳಿಕೆ, ಮನುಷ್ಯ, ಪ್ರಾಣಿಗಳಿಗೆ ಅದರ ವಿಷತ್ವ, ಡಬ್ಬಿ ಮತ್ತು ಲೇಬಲ್ಲು.

ಭಾರತಕ್ಕೆ ಮೊದಲ ಬಾರಿಗೆ ಬರುವ ಔಷಧಿಯಾದರೆ, ವಿಚಾರಣೆ ಮುಗಿಯುವ ಮೊದಲೇ ಸಮಿತಿಯು ಷರತ್ತು ಹಾಕಿ ಎರಡು ವರ್ಷದ ಮಟ್ಟಿಗೆ ನೋಂದಾಯಿಸಬಹುದು. ಇದು ೯ನೇ ಕಲಮಿನ (೩ಬಿ) ಉಪಕಲಮು. ತಾತ್ಕಾಲಿಕ ನೋಂದಣಿ ಎಂದರೆ ಇದೇ. "ಅರ್ಜಿ ಹಾಕಿದ್ದೇವೆ" ಎಂಬುದು ನೋಂದಣಿಯಲ್ಲ. ತಾತ್ಕಾಲಿಕ ನೋಂದಣಿಯೆಂದರೆ ಪರೀಕ್ಷೆ ಪೂರ್ತಿ ಮುಗಿದಿದೆ ಎಂದೂ ಅಲ್ಲ. ಟ್ರೈಕೋಡರ್ಮಾ, ಬ್ಯುವೇರಿಯಾ ಮುಂತಾದ ಜೈವಿಕ ಪುಡಿಗಳೂ ಇದೇ ಕಾಯಿದೆಗೆ ಸೇರಿವೆ. "ಸಾವಯವ, ನೋಂದಣಿ ಬೇಡ" ಎಂದರೆ ನಂಬಬೇಡಿ.

ಪೂರ್ಣ ನೋಂದಣಿಯೂ ಶಾಶ್ವತವಲ್ಲ. ಒಂದು ಕಾಲದಲ್ಲಿ ಕಾಯಿಕೊರಕಕ್ಕೆ ನಾವೆಲ್ಲ ಸಿಂಪಡಿಸಿದ ಎಂಡೋಸಲ್ಫಾನ್, ಕಾಸರಗೋಡಿನ ಗೇರುತೋಟಗಳ ಸುತ್ತಿನ ಜನರ ಗೋಳಿನ ನಂತರ, ೨೦೧೧ರ ಮೇ ೧೩ರಂದು ಸುಪ್ರೀಂ ಕೋರ್ಟಿನ ಆಜ್ಞೆಯಿಂದ ನಿಂತಿತು.

ಕೊಳ್ಳುವ ಮೊದಲು ಇವನ್ನು ನೋಡಿ:

೧. ಲೇಬಲ್ಲಿನಲ್ಲಿ ನೋಂದಣಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಾದ ಮತ್ತು ಅವಧಿ ಮುಗಿಯುವ ದಿನಾಂಕ, ಪ್ರತಿವಿಷದ ವಿವರ ಇರಬೇಕು.

೨. ತ್ರಿಕೋನದ ಬಣ್ಣ ನೋಡಿ. ಕೆಂಪು ಅತ್ಯಂತ ವಿಷ; ಅನಂತರ ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆ. ಹಸಿರು ಎಂದರೂ ಕುಡಿಯುವ ನೀರಲ್ಲ.

೩. ಒಳಗಿನ ಚೀಟಿಯಲ್ಲಿ ನಿಮ್ಮ ಬೆಳೆಯ ಹೆಸರಿದೆಯೇ ನೋಡಿ. ಭತ್ತಕ್ಕೋ ಹತ್ತಿಗೋ ಒಪ್ಪಿಗೆ ಪಡೆದದ್ದು ಕಾಫಿ, ಅಡಿಕೆ, ಮೆಣಸಿಗೆ ಒಪ್ಪಿಗೆ ಪಡೆದಂತಲ್ಲ. ಉಳಿಕೆ ಹೆಚ್ಚಾದರೆ ಹೊರದೇಶದವರು ಮಾಲು ತಿರಸ್ಕರಿಸಬಹುದು.

೪. ಪರವಾನಗಿ ಇರುವ ಅಂಗಡಿಯಲ್ಲೇ ಕೊಂಡು, ಬ್ಯಾಚ್ ಸಂಖ್ಯೆ ಬರೆಸಿದ ಬಿಲ್ಲು ಪಡೆಯಿರಿ. ಮುಂದೆ ದೂರು ಕೊಡಬೇಕಾದರೆ ಅದೇ ಆಧಾರ.

೫. ಸಿಂಪರಣೆ ಮುಗಿಯುವವರೆಗೆ ಲೇಬಲ್ಲನ್ನೂ ಚೀಟಿಯನ್ನೂ ಜೋಪಾನವಾಗಿಡಿ. ಡಾಕ್ಟರು ಮೊದಲು ಕೇಳುವುದು ಅದನ್ನೇ.

ಸಂಶಯವಿದ್ದರೆ ಬಾಟಲಿಯ ಮುಚ್ಚಳ ತೆಗೆಯದೆ ಸಂಘದ ಕಚೇರಿಗೆ ತನ್ನಿ, ಕೂಡಿ ಓದೋಣ. ಒಂದು ವಾರ ತಡವಾದರೆ ನಾಲ್ಕು ಕಾಯಿ ಹೋದೀತು. ನಮ್ಮ ತೋಟಕ್ಕೆ ದುಡಿಯಲು ಬಂದವರ ಜೀವ ಹೋದರೆ ಯಾವ ಬೆಲೆಗೂ ಬಾರದು.