ಹೊಟ್ಟೆಯ ಹುಳಿಗೆ ಸೋಡಾ: ಯಾವಾಗ, ಎಷ್ಟು?



ಮದುವೆ, ಜಾತ್ರೆಗಳ ಕಾಲದಲ್ಲಿ ನಮಗೆ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ‘ಸಾರ್, ಉಳಿದ ಅನ್ನ ದಂಡವಾಗಬಾರದು ಅಂತ ಹಸುಗೆ ಹಾಕಿದ್ವಿ, ಬೆಳಿಗ್ಗೆಯಿಂದ ಮೇವು ಮುಟ್ಟಿಲ್ಲ.’ ಒಂದು ಬುಟ್ಟಿ ಅನ್ನ ಹಸುವನ್ನು ಮಲಗಿಸುವುದು ಹೇಗೆಂದು ತಿಳಿಯಲು ಶಾಲೆಯಲ್ಲಿ ಓದಿದ ಆಮ್ಲ, ಪ್ರತ್ಯಾಮ್ಲದ ಪಾಠ ನೆನಪಿಸಿಕೊಳ್ಳಬೇಕು.

ಹುಣಸೆಹಣ್ಣು, ನಿಂಬೆ, ಹುಳಿ ಮಜ್ಜಿಗೆ ಇವು ಆಮ್ಲ. ಸುಣ್ಣದ ತಿಳಿ, ಅಡುಗೆ ಸೋಡಾ ಪ್ರತ್ಯಾಮ್ಲ. ಎರಡನ್ನೂ ಸರಿಯಾದ ಅಳತೆಯಲ್ಲಿ ಬೆರೆಸಿದರೆ ಒಂದರ ಗುಣವನ್ನು ಇನ್ನೊಂದು ಕಳೆದು ಲವಣ ಮತ್ತು ನೀರು ಉಳಿಯುತ್ತವೆ. ಇದೇ ತಟಸ್ಥೀಕರಣ. ನಿಂಬೆರಸಕ್ಕೆ ಸೋಡಾ ಹಾಕಿದಾಗ ಬುಸುಗುಡುತ್ತದಲ್ಲ, ಅದು ಹೊರಬರುವ ಇಂಗಾಲದ ಡೈಆಕ್ಸೈಡ್. ಹುಳಿಯ ಅಳತೆ ಪಿಎಚ್. 7 ಎಂದರೆ ತಟಸ್ಥ. ಕೆಳಗಿಳಿದಂತೆ ಹುಳಿ ಹೆಚ್ಚು. ಒಂದು ಅಂಕ ಇಳಿದರೆ ಹುಳಿ ಹತ್ತು ಪಟ್ಟು ಏರಿದಂತೆ.

ಹಸುವಿನ ದೊಡ್ಡ ಹೊಟ್ಟೆಯ ಪಿಎಚ್ ಸಾಮಾನ್ಯವಾಗಿ 6ರಿಂದ 7. ಮೇವು ಕೊಳೆಯುವಾಗ ಅಲ್ಲಿ ಹೊತ್ತುಹೊತ್ತಿಗೂ ಆಮ್ಲ ಹುಟ್ಟುತ್ತಲೇ ಇರುತ್ತದೆ. ಆದರೂ ಹುಳಿ ಏರದಿರಲು ಕಾರಣ ಜೊಲ್ಲು. ದೊಡ್ಡ ಹಸು ದಿನಕ್ಕೆ 100 ಲೀಟರಿಗೂ ಹೆಚ್ಚು ಜೊಲ್ಲು ನುಂಗುತ್ತದೆ. ಅದರಲ್ಲಿ ಒಂದು ಕಿಲೋದಷ್ಟು ಸೋಡಾ ಇರುತ್ತದೆ! ಪುಕ್ಕಟೆ ಔಷಧ. ಆದರೆ ಜೊಲ್ಲು ಸುರಿಯುವುದು ಅಗಿಯುವಾಗ, ಮೆಲುಕು ಹಾಕುವಾಗ. ರಾಗಿ ಹುಲ್ಲು, ಭತ್ತದ ಹುಲ್ಲು ಅಗಿಸುತ್ತವೆ. ಅನ್ನ, ಹಿಟ್ಟು, ಗಂಜಿ ಹಾಗೇ ಇಳಿದುಹೋಗುತ್ತವೆ. ಅನ್ನದ ಪಿಷ್ಟ ಬೇಗ ಹುಳಿತು ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಮೊಸರಿನಲ್ಲಿರುವುದೂ ಇದೇ ಆಮ್ಲ. ಪಿಎಚ್ 5ಕ್ಕಿಂತ ಕೆಳಗಿಳಿದರೆ ಮೇವು ಜೀರ್ಣಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ, ಮೈಯ ನೀರು ಹೊಟ್ಟೆಗೆ ಸೆಳೆದುಕೊಳ್ಳುತ್ತದೆ. ಮೆಲುಕು ನಿಲ್ಲುವುದು, ಹಲ್ಲು ಕಡಿಯುವುದು, ಹುಳಿ ನಾತದ ನೀರು ಸಗಣಿ, ಗುಳಿಬಿದ್ದ ಕಣ್ಣು, ಇವು ಸಾಮಾನ್ಯವಾಗಿ ಅರ್ಧ ದಿನದಿಂದ ಒಂದು ದಿನದೊಳಗೆ ಕಾಣಿಸುತ್ತವೆ.

ಆಗ ಮೊದಲು ವೈದ್ಯರಿಗೆ ಫೋನ್ ಮಾಡಿ. ಹಸು ನಿಂತಿದ್ದು, ಚೆನ್ನಾಗಿ ನುಂಗುತ್ತಿದ್ದರೆ ಅವರನ್ನು ಕೇಳಿಕೊಂಡು ಸುಮಾರು 150 ಗ್ರಾಂ ಅಡುಗೆ ಸೋಡಾವನ್ನು ನೀರಿನಲ್ಲಿ ಕರಗಿಸಿ ನಿಧಾನವಾಗಿ ಕುಡಿಸಬಹುದು. ಮಲಗಿದ ಹಸುವಿಗೆ ಗೊಟ್ಟ ಹಾಕಲೇಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ‘ಸೋಡಾ ತಾನೇ’ ಎಂದು ಅರ್ಧ ಕಿಲೋ ಸುರಿಯುವುದೂ ತಪ್ಪು. 84 ಗ್ರಾಂ ಸೋಡಾ 90 ಗ್ರಾಂ ಲ್ಯಾಕ್ಟಿಕ್ ಆಮ್ಲವನ್ನು ತಟಸ್ಥಗೊಳಿಸುವಾಗ 20 ಲೀಟರಿಗೂ ಹೆಚ್ಚು ಗಾಳಿ ಹುಟ್ಟುತ್ತದೆ. ತೇಗು ನಿಂತ ಹಸುವಿಗೆ ಅದೇ ಹೊಟ್ಟೆಯುಬ್ಬರ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಹಸು ಯೂರಿಯಾ ಚೀಲ ನೆಕ್ಕಿದ್ದರೆ ಲೆಕ್ಕವೇ ತಿರುಗುಮುರುಗು. ಯೂರಿಯಾದಿಂದ ಹುಟ್ಟುವ ಅಮೋನಿಯಾ ಪ್ರತ್ಯಾಮ್ಲ. ಅದಕ್ಕೆ ಬೇಕಾದ್ದು ತಣ್ಣೀರು ಮತ್ತು ವಿನೆಗರ್, ಅಂದರೆ ಹುಳಿ. ಅಲ್ಲಿ ಸೋಡಾ ಕೊಟ್ಟರೆ ಉರಿಯುವ ಬೆಂಕಿಗೆ ಎಣ್ಣೆ. ಯೂರಿಯಾ ತಿಂದ ಹಸು ಅರ್ಧ, ಒಂದು ಗಂಟೆಯಲ್ಲೇ ನಡುಗಿ, ನೊರೆ ಸುರಿಸಿ, ಉಬ್ಬರಿಸುತ್ತದೆ. ಆದ್ದರಿಂದ ಫೋನಿನಲ್ಲಿ ‘ಹಸುಗೆ ಹುಷಾರಿಲ್ಲ’ ಎನ್ನಬೇಡಿ. ಏನು ತಿಂದಿತು, ಎಷ್ಟು, ಎಷ್ಟು ಹೊತ್ತಾಯಿತು ಎಂದು ಹೇಳಿ. ಅನ್ನ ಹಾಕಿದ್ದನ್ನು ಮುಚ್ಚಿಡುವವರೂ ಇದ್ದಾರೆ. ನಾವು ಬೈಯುವುದಿಲ್ಲ, ಹೇಳಿ.

ಹೆಚ್ಚು ಹಿಂಡಿ ತಿನ್ನುವ, ಹೆಚ್ಚು ಹಾಲು ಕೊಡುವ ಹಸುಗಳಿಗೆ ದಿನಕ್ಕೆ 100ರಿಂದ 150 ಗ್ರಾಂ ಸೋಡಾವನ್ನು ಎರಡು ಹೊತ್ತಿನ ಪಶು ಆಹಾರದಲ್ಲಿ ಬೆರೆಸುವುದುಂಟು. ಒಣಹುಲ್ಲು ಸಾಕಷ್ಟಿದ್ದರೆ ಅದರ ಅಗತ್ಯ ಕಡಿಮೆ. ಕರು ಹಾಕಲು ಎರಡು, ಮೂರು ವಾರ ಇರುವಾಗ ಮಾತ್ರ ಸೋಡಾ ಬೇಡ, ಹಾಲು ಜ್ವರದ ಸಾಧ್ಯತೆ ಹೆಚ್ಚುತ್ತದೆ.

ಸೋಡಾ ಹಸುವಿನ ಹೊಟ್ಟೆಗೆ, ಹಾಲಿನ ಕ್ಯಾನಿಗಲ್ಲ. ಹುಳಿಯುತ್ತಿರುವ ಹಾಲಿಗೆ ಬೆರೆಸಿದರೆ ಹುಳಿ ಮರೆಯಾದೀತು, ಹುಳಿ ಬರಿಸಿದ ಬ್ಯಾಕ್ಟೀರಿಯಾ ಅಲ್ಲೇ ಇರುತ್ತವೆ. ಅಂಥ ಹಾಲಿಗೆ ರೊಸಾಲಿಕ್ ಆಮ್ಲ ಹಾಕಿದರೆ ಗುಲಾಬಿ ಬಣ್ಣ ಬಂದು ಬೆರಕೆ ಗೊತ್ತಾಗಿಬಿಡುತ್ತದೆ.