ಕೇಬಲ್ ಕಿತ್ತು ನೋಡಿ

ಶಿವಮೊಗ್ಗದ ಹಾಸ್ಟೆಲ್‌ಗಳಲ್ಲಿರುವ ಹುಡುಗ ಹುಡುಗಿಯರಿಗೆ, ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವವರಿಗೆ ಒಂದು ಮಾತು ಹೇಳಬೇಕಿದೆ. ಗೇಮ್ ಆಡಬೇಡಿ ಅನ್ನುವವನಲ್ಲ ನಾನು. ಸೈಬರ್ ಕೆಫೆ ನಡೆಸಿ ಮಕ್ಕಳನ್ನು ಓದಿಸಿದವನು, ನಿಮ್ಮಲ್ಲಿ ಎಷ್ಟೋ ಜನರ ಅಪ್ಪಂದಿರಿಗೆ ಗಂಟೆಗಿಷ್ಟು ಅಂತ ರೋಡ್ ರ‍್ಯಾಶ್ ಆಡಿಸಿದವನು. ಪರೀಕ್ಷೆ ಹತ್ತಿರ ಬಂತು ಅಂತ ಬೈಯೋದಕ್ಕೆ ನಿಮ್ಮ ಮನೆಯಲ್ಲೇ ಜನ ಇದ್ದಾರೆ. ನನ್ನದು ಬರೀ ವ್ಯಾಪಾರದ ಮಾತು. ನಾಲ್ಕೈದು ಸಾವಿರ ಕೊಟ್ಟು ರೇಸಿಂಗ್ ಗೇಮ್ ತಗೊಳ್ಳುತ್ತೀರಲ್ಲ, ಆ ದುಡ್ಡಿಗೆ ನಿಮ್ಮ ಕೈಗೆ ಬಂದದ್ದು ಏನು ಅಂತ ಯಾವತ್ತಾದರೂ ಕೇಳಿಕೊಂಡಿದ್ದೀರಾ?

ಜುಲೈ ತಿಂಗಳು. ಮಳೆ ಜೋರಾಗಿ ರಜೆ ಸಿಕ್ಕಿತು ಅಂದುಕೊಳ್ಳಿ. ಬ್ಯಾಗಿಗೆ ಲ್ಯಾಪ್‌ಟಾಪ್ ತುರುಕಿಕೊಂಡು ಹೊಸನಗರದ ಕಡೆಗೋ ತೀರ್ಥಹಳ್ಳಿಯ ಕಡೆಗೋ ಹೊರಡುತ್ತೀರಿ. ಊರಲ್ಲಿ ಗಾಳಿಗೆ ಮರ ಬಿದ್ದು ಲೈನ್ ಹೋಗಿದೆ, ಟವರಿನ ಬ್ಯಾಟರಿಯೂ ಮುಗಿದಿದೆ. ಲ್ಯಾಪ್‌ಟಾಪಿನಲ್ಲಿ ಮಾತ್ರ ಚಾರ್ಜ್ ಇದೆ. ಹಾಸ್ಟೆಲ್ಲಿನ ವೈಫೈನಲ್ಲಿ ರಾತ್ರಿಯಿಡೀ ಕೂತು ಇಳಿಸಿಕೊಂಡ ಗೇಮ್ ಪೂರ್ತಿ ಒಳಗಿದೆ. ಆಡುವವರು ನೀವೊಬ್ಬರೇ, ಎದುರಾಳಿ ಕಾರುಗಳನ್ನು ಓಡಿಸುವುದೂ ನಿಮ್ಮದೇ ಯಂತ್ರ. ಆದರೂ ಪರದೆ ಮೇಲೆ ಬರುವುದು ಒಂದೇ ಸಾಲು: ಸರ್ವರ್ ಸಂಪರ್ಕ ಸಿಗುತ್ತಿಲ್ಲ. ಸಾಗರ ತಾಲ್ಲೂಕಿನ ಹಳ್ಳಿಗಳ ಜನ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಂತ ಬೋರ್ಡ್ ಹಿಡಿದ ಜಿಲ್ಲೆ ಇದು. ಲಾಕ್‌ಡೌನಿನಲ್ಲಿ ಆನ್‌ಲೈನ್ ಕ್ಲಾಸಿಗಾಗಿ ಗುಡ್ಡ ಹತ್ತಿ ಕೂತವರಲ್ಲಿ ನೀವೂ ಇರಬಹುದು. ಯಾವ ಕಂಪನಿಯ ಯಾವ ಇಂಜಿನಿಯರ್ ಈ ಊರುಗಳನ್ನು ನೆನೆದು ಗೇಮ್ ಬರೆದಾನು?

ಹಿಂದೆ ಹೀಗಿರಲಿಲ್ಲ. ನೀಡ್ ಫಾರ್ ಸ್ಪೀಡ್ ಮೋಸ್ಟ್ ವಾಂಟೆಡ್ ಬಂದದ್ದು 2005ರಲ್ಲಿ. ನೀಲಿ ಬೆಳ್ಳಿ ಬಣ್ಣದ ಆ ಬಿಎಂಡಬ್ಲ್ಯೂ, ಬ್ಲ್ಯಾಕ್‌ಲಿಸ್ಟಿನ ಹದಿನೈದು ಜನ, ಹಿಂದೆ ಬೀಳುವ ಪೊಲೀಸರು. ಕೆಫೆಯಲ್ಲಿ ಅದಕ್ಕೆ ಕ್ಯೂ ಇರುತ್ತಿತ್ತು. ಬ್ರೌಸಿಂಗ್‌ಗೆ ಬಂದವರು ‘ಸಾರ್, ನೆಟ್ ಇಲ್ಲ’ ಅಂತ ಗೊಣಗಿ ಎದ್ದುಹೋದರೆ ಆ ಸೀಟಿನಲ್ಲಿ ಮೋಸ್ಟ್ ವಾಂಟೆಡ್ ಹುಡುಗರು ಕೂರುತ್ತಿದ್ದರು. ನೆಟ್ ಹೋದ ದಿನವೇ ನನಗೆ ಗೇಮಿನ ವ್ಯಾಪಾರ ಜಾಸ್ತಿ! ಅದನ್ನು ಮಾಡಿದ ಇಎ ಬ್ಲ್ಯಾಕ್ ಬಾಕ್ಸ್ ಅನ್ನುವ ಸ್ಟುಡಿಯೋ 2013ರಲ್ಲೇ ಬಾಗಿಲು ಹಾಕಿತು. ಗೇಮಿಗೆ ಅದರ ಸುದ್ದಿಯೂ ಮುಟ್ಟಲಿಲ್ಲ, ಹಳೆಯ ಎಕ್ಸ್‌ಪಿ ಯಂತ್ರದಲ್ಲಿ ಇವತ್ತು ಹಾಕಿದರೂ ಓಡುತ್ತದೆ. ಹಾಗಂತ ಆ ಕಾಲವೇ ಬಂಗಾರ ಅಂತ ನಾನೇನೂ ಹಾಡುವುದಿಲ್ಲ. ನಕಲು ತಡೆಯಲು ಆಗಿನ ಎಷ್ಟೋ ಡಿಸ್ಕ್‌ಗಳಿಗೆ ಸೇಫ್‌ಡಿಸ್ಕ್ ಅನ್ನುವ ಬೀಗ ಹಾಕಿರುತ್ತಿದ್ದರು. 2015ರಲ್ಲಿ ಬಂದ ವಿಂಡೋಸ್ 10 ಆ ಬೀಗವನ್ನೇ ಒಪ್ಪಲಿಲ್ಲ, ದುಡ್ಡು ಕೊಟ್ಟು ತಂದ ಡಿಸ್ಕ್‌ಗಳು ಹೊಸ ಯಂತ್ರದಲ್ಲಿ ಕೆಲಸಕ್ಕೆ ಬಾರದೆ ಹೋದವು. ಗೇಮ್ ಚೆನ್ನಾಗಿಯೇ ಇತ್ತು, ಕೆಟ್ಟದ್ದು ಬೀಗ. ಈಗ ಆ ಬೀಗ ನಿಮ್ಮ ಮನೆಯಲ್ಲೂ ಇಲ್ಲ, ಸಾವಿರಾರು ಮೈಲಿ ಆಚೆ ಇನ್ನೊಬ್ಬರ ಕಟ್ಟಡದಲ್ಲಿದೆ.

ದಿ ಕ್ರೂ ಕಥೆ ಕೇಳಿ. ಫ್ರಾನ್ಸಿನ ಯುಬಿಸಾಫ್ಟ್ 2014ರ ಡಿಸೆಂಬರ್‌ನಲ್ಲಿ ತಂದ ಗೇಮ್ ಅದು. ಅಮೆರಿಕದ ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿವರೆಗೆ ಇಡೀ ದೇಶವನ್ನೇ ಚಿಕ್ಕದು ಮಾಡಿ ಇಟ್ಟಿದ್ದರು. ಮಧ್ಯೆ ಎಲ್ಲೂ ನಿಲ್ಲದೆ ಕಾರು ಓಡಿಸಿಕೊಂಡು ಹೋಗಬಹುದಿತ್ತು. ಕಥೆ ಇತ್ತು, ಒಬ್ಬರೇ ಆಡಿ ಮುಗಿಸಬಹುದಿತ್ತು. ಸರ್ವರ್ ಮಾತ್ರ ಬೇಕೇ ಬೇಕು, ಯಾಕೆಂದರೆ ನಿಮ್ಮ ಗ್ಯಾರೇಜ್, ನಿಮ್ಮ ದುಡ್ಡು, ಎಲ್ಲಿಯವರೆಗೆ ಆಡಿದ್ದೀರಿ ಅನ್ನುವ ಲೆಕ್ಕ ಎಲ್ಲವೂ ಅಲ್ಲೇ ಇದ್ದದ್ದು. ಆಡಿದವರ ಸಂಖ್ಯೆ 1.2 ಕೋಟಿ ದಾಟಿತ್ತು ಅಂತ ಕಂಪನಿಯೇ ಹೇಳಿಕೊಂಡಿತ್ತು. 2023ರ ಡಿಸೆಂಬರ್‌ನಲ್ಲಿ ಮಾರಾಟ ನಿಲ್ಲಿಸಿದರು. 2024ರ ಮಾರ್ಚ್ 31ಕ್ಕೆ ಸರ್ವರ್ ಆರಿಸಿದರು. ಅಲ್ಲಿಗೂ ಬಿಡಲಿಲ್ಲ, ಮರುತಿಂಗಳು ಕೊಂಡವರ ಖಾತೆಗಳಿಂದ ಲೈಸೆನ್ಸನ್ನೂ ವಾಪಸ್ ತೆಗೆದುಕೊಂಡರು. ಡಿಸ್ಕ್ ತಗೊಂಡವರ ಕೈಲಿ ಉಳಿದದ್ದು ಹೊಳೆಯುವ ಪ್ಲಾಸ್ಟಿಕ್ ಬಿಲ್ಲೆ. ಕ್ಯಾಲಿಫೋರ್ನಿಯಾದಲ್ಲಿ ಇಬ್ಬರು ಕೋರ್ಟಿಗೆ ಹೋದರು. ಕಂಪನಿಯ ಉತ್ತರ ಏನು ಗೊತ್ತಾ? ನೀವು ಕೊಂಡದ್ದು ಗೇಮನ್ನಲ್ಲ, ಆಡುವ ಸೀಮಿತ ಪರವಾನಗಿಯನ್ನು!

ಇನ್ನೊಂದು, ಪ್ಲೇಸ್ಟೇಷನ್ನಿನ ಗ್ರಾನ್ ಟುರಿಸ್ಮೊ 7. ಬಿಡುಗಡೆ 2022ರ ಮಾರ್ಚ್ 4. ಎರಡು ವಾರ ಕಳೆಯುವುದರೊಳಗೆ ಒಂದು ಅಪ್‌ಡೇಟ್ ಎಡವಟ್ಟಾಗಿ ಸರ್ವರ್ ಮೂವತ್ತು ಗಂಟೆಗೂ ಮೀರಿ ಮಲಗಿತು. ಯಾರ ಜೊತೆಗೂ ಪೈಪೋಟಿ ಮಾಡದೆ ತಮ್ಮ ಪಾಡಿಗೆ ಲೈಸೆನ್ಸ್ ಟೆಸ್ಟ್ ಕಟ್ಟುತ್ತಿದ್ದವರೂ ಕೈಕಟ್ಟಿ ಕೂರಬೇಕಾಯಿತು. ಆಮೇಲೆ ಕ್ಷಮೆ ಕೇಳಿ ಹತ್ತು ಲಕ್ಷ ಕ್ರೆಡಿಟ್ ಹಂಚಿದರು. ಕ್ರೆಡಿಟ್ ಅಂದರೆ ಗೇಮಿನೊಳಗಿನ ದುಡ್ಡು. ಅದನ್ನೇ ನಿಜವಾದ ದುಡ್ಡಿಗೆ ಮಾರುವ ಅಂಗಡಿಯೂ ಆ ಗೇಮಿನೊಳಗೇ ಇದೆ.

ಯಾಕೆ ಹೀಗೆ ಮಾಡುತ್ತಾರೆ ಅಂದರೆ ಅವರು ಹೇಳುವ ಕಾರಣ ಎರಡು. ಒಂದು ಕಳ್ಳನಕಲು. ಆ ಮಾತು ಸುಳ್ಳಲ್ಲ. ಫುಟ್‌ಪಾತಿನಲ್ಲಿ ಪ್ಲಾಸ್ಟಿಕ್ ಕವರಿನ ಸಿಡಿ ಮಾರುತ್ತಿದ್ದ ಕಾಲವನ್ನು ನಾವೆಲ್ಲ ನೋಡಿದವರೇ. ಆದರೆ 2010ರಲ್ಲಿ ಇದೇ ಯುಬಿಸಾಫ್ಟ್ ಅಸಾಸಿನ್ಸ್ ಕ್ರೀಡ್ 2ಕ್ಕೆ ಸದಾ ಆನ್‌ಲೈನ್ ಬೀಗ ಹಾಕಿದಾಗ, ಕೆಲವೇ ದಿನಕ್ಕೆ ಸರ್ವರ್ ಕುಸಿದು, ಬಿಲ್ ಕಟ್ಟಿ ತಂದವರಿಗೇ ಗೇಮ್ ತೆರೆಯಲಿಲ್ಲ. ಎರಡನೆಯದು ಮೋಸ. ಸೇವ್ ಫೈಲ್ ನಿಮ್ಮ ಹತ್ತಿರ ಇದ್ದರೆ ಅದನ್ನು ತಿದ್ದಿ ಕೋಟಿಗಟ್ಟಲೆ ಕ್ರೆಡಿಟ್ ಬರೆದುಕೊಳ್ಳುತ್ತೀರಿ ಅನ್ನುವ ಭಯ. ಹತ್ತು ಜನ ಒಂದೇ ಟ್ರ್ಯಾಕಿನಲ್ಲಿ ಓಡುವಾಗ ಈ ಕಾವಲು ಬೇಕು, ಅದಕ್ಕೆ ನನ್ನ ತಕರಾರಿಲ್ಲ. ಒಬ್ಬಂಟಿಯಾಗಿ ಕೂತು ಆಡುವವನು ಮೋಸ ಮಾಡುವುದು ಯಾರಿಗೆ? ನನಗೆ ತೋಚುವುದಿಷ್ಟು: ಒಳಗೊಂದು ಅಂಗಡಿ ಇಟ್ಟ ಮೇಲೆ ಗಲ್ಲಾಪೆಟ್ಟಿಗೆಯ ಕೀಲಿಯನ್ನು ಗಿರಾಕಿಯ ಕೈಗೆ ಯಾವ ವ್ಯಾಪಾರಿಯೂ ಕೊಡುವುದಿಲ್ಲ. ನಾನೂ ಕೊಡುತ್ತಿರಲಿಲ್ಲ.

ಕೀಲಿ ಇನ್ನೊಬ್ಬರ ಕೈಲಿದ್ದರೆ ಹೇಗಿರುತ್ತದೆ ಅಂತ ಭದ್ರಾವತಿಯ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆ, ವಿಶ್ವೇಶ್ವರಯ್ಯನವರ ಹೆಸರಿನದು, ಊರ ನಡುವೆಯೇ ನಿಂತಿದೆ. ಕುಲುಮೆ ಇಲ್ಲಿಯದು, ಬೆವರು ಇಲ್ಲಿಯದು. 1998ರಲ್ಲಿ ಅದು ಕೇಂದ್ರ ಸರ್ಕಾರದ ಉಕ್ಕು ಕಂಪನಿ ಸೇಲ್‌ನಲ್ಲಿ ವಿಲೀನವಾದ ಮೇಲೆ ತೀರ್ಮಾನ ಮಾತ್ರ ದಿಲ್ಲಿಯದು. ನೂರು ತುಂಬಬೇಕಿದ್ದ 2023ರ ಜನವರಿಯಲ್ಲೇ ಮುಚ್ಚುತ್ತೇವೆ ಅಂತ ಸುದ್ದಿ ಬಂತು. ಕಾರ್ಮಿಕರು ಬೀದಿಗೆ ಇಳಿದರು. ಅದೇ ವರ್ಷ ಬಾರ್ ಮಿಲ್ ಮತ್ತೆ ಚಾಲೂ ಆಯಿತು. 1936ರಲ್ಲಿ ಹುಟ್ಟಿದ ಕಾಗದ ಕಾರ್ಖಾನೆ ಎಂಪಿಎಂಗೆ ಆ ಭಾಗ್ಯ ಇರಲಿಲ್ಲ. ಸಾವಿರಾರು ಕುಟುಂಬಗಳ ಅನ್ನದ ಪಕ್ಕದಲ್ಲಿ ಗೇಮಿನ ಮಾತು ಯಾವ ಲೆಕ್ಕ ಅನ್ನಬಹುದು, ನಿಜ. ಆದರೆ ಯಂತ್ರ ನಮ್ಮೂರಲ್ಲಿದ್ದು ಸ್ವಿಚ್ ಬೇರೆಯವರ ಕೈಲಿದ್ದರೆ ಏನಾಗುತ್ತದೆ ಅನ್ನುವುದನ್ನು ಓಲ್ಡ್ ಟೌನಿನಲ್ಲೋ ಪೇಪರ್ ಟೌನಿನಲ್ಲೋ ಬೆಳೆದ ಮಕ್ಕಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಕೂಗು ಹಾಕಿದರೆ ಕೆಲವೊಮ್ಮೆ ಸ್ವಿಚ್ ಮತ್ತೆ ಆನ್ ಆಗುತ್ತದೆ ಅನ್ನುವುದನ್ನೂ ಅವರು ನೋಡಿದ್ದಾರೆ.

ಗೇಮಿನ ಲೋಕದಲ್ಲೂ ಕೂಗು ಎದ್ದಿದೆ. ದಿ ಕ್ರೂ ಸತ್ತ ಮರುದಿನಗಳಲ್ಲೇ ಅಮೆರಿಕದ ರಾಸ್ ಸ್ಕಾಟ್ ಎಂಬ ಯೂಟ್ಯೂಬರ್ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅಂತ ಚಳವಳಿ ಶುರು ಮಾಡಿದ. ಸರ್ವರನ್ನು ಶಾಶ್ವತವಾಗಿ ನಡೆಸಿ ಅಂತ ಅವನು ಕೇಳುತ್ತಿಲ್ಲ, ನಿಲ್ಲಿಸುವಾಗ ಕೊಂಡವರು ಆಡಬಲ್ಲ ಸ್ಥಿತಿಯಲ್ಲಿ ಬಿಟ್ಟು ಹೋಗಿ ಅನ್ನುತ್ತಾನೆ, ಅಷ್ಟೇ. ಯುರೋಪ್ ಒಕ್ಕೂಟದಲ್ಲಿ ಈ ಬೇಡಿಕೆಗೆ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷಕ್ಕೂ ಮೀರಿ ಸಹಿ ಬಿದ್ದವು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಬರೀ ಲೈಸೆನ್ಸ್ ಮಾರುವವರು ಅದನ್ನು ಸ್ಪಷ್ಟವಾಗಿ ತಿಳಿಸದೆ ‘ಬೈ’ ಅಂತ ಬಟನ್ ಹಾಕುವಂತಿಲ್ಲ. ದಿ ಕ್ರೂ 2ಕ್ಕೆ 2025ರ ಅಕ್ಟೋಬರ್‌ನಲ್ಲಿ ಆಫ್‌ಲೈನ್ ದಾರಿ ತೆರೆಯಿತು. ಮೊದಲನೆಯ ದಿ ಕ್ರೂವನ್ನಂತೂ ಅಭಿಮಾನಿಗಳೇ ಸರ್ವರ್ ಮರುಸೃಷ್ಟಿಸಿ ಅದೇ ಸೆಪ್ಟೆಂಬರ್‌ನಲ್ಲಿ ಎಬ್ಬಿಸಿ ನಿಲ್ಲಿಸಿದರು. ಸೋನಿಯವರಿಗೂ ಒಂದು ಮೆಚ್ಚುಗೆ ಹೇಳಬೇಕು: ಗ್ರಾನ್ ಟುರಿಸ್ಮೊ ಸ್ಪೋರ್ಟ್‌ನ ಸರ್ವರನ್ನು 2024ರ ಜನವರಿ 31ಕ್ಕೆ ನಿಲ್ಲಿಸುವ ಮುಂಚೆ ಒಬ್ಬರೇ ಆಡುವ ಭಾಗ ನೆಟ್ ಇಲ್ಲದೆ ನಡೆಯುವಂತೆ ಮಾಡಿಕೊಟ್ಟು ಹೋದರು. ಆಗುವುದಿಲ್ಲ ಅನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಡ.

ಇಲ್ಲೊಂದು ಗೊಂದಲ ಬಿಡಿಸಿಬಿಡುತ್ತೇನೆ, ಹುಡುಗರು ಪದೇಪದೇ ಕೇಳುತ್ತಾರೆ. ಫೋರ್ಜಾ ಹೊರೈಜನ್ 4 2024ರ ಡಿಸೆಂಬರ್‌ನಲ್ಲಿ ಅಂಗಡಿಯಿಂದ ಮಾಯವಾಯಿತಲ್ಲ, ಅದೂ ಸತ್ತಂತೆಯೇ? ಅಲ್ಲ. ಕಾರು ಕಂಪನಿಗಳ ಹೆಸರು, ಹಾಡುಗಳ ಹಕ್ಕು ಇವೆಲ್ಲ ಅವಧಿ ಇಟ್ಟು ಪಡೆದವು. ಅವಧಿ ಮುಗಿದರೆ ಹೊಸದಾಗಿ ಮಾರುವಂತಿಲ್ಲ, ಕೊಂಡವರು ಆಡಬಹುದು. ಮಾರಾಟ ನಿಲ್ಲುವುದೇ ಬೇರೆ, ಸರ್ವರ್ ಆರುವುದೇ ಬೇರೆ. ಫೋರ್ಜಾ ಅಂದಾಗ ನೆನಪಾಯಿತು, ಆ ಸರಣಿಯ ಚಿತ್ರಕೆಲಸದಲ್ಲಿ ಬೆಂಗಳೂರಿನ ಕೈಯೂ ಇದೆ. ರಾಜೇಶ್ ರಾವ್ 1997ರಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್‌ನವರು ಅದಕ್ಕೆ ದುಡಿದವರು. 2019ರಲ್ಲಿ ಅದು ರಾಕ್‌ಸ್ಟಾರ್ ಪಾಲಾಯಿತು. ಅದೇ ಸರಣಿಯ 2023ರ ಫೋರ್ಜಾ ಮೋಟಾರ್‌ಸ್ಪೋರ್ಟ್‌ನಲ್ಲಿ ಒಬ್ಬರೇ ಆಡುವ ಕರಿಯರ್‌ಗೂ ನೆಟ್ ಇರಲೇಬೇಕು ಅಂತ ಮಾಡಿದ್ದು ಮಾತ್ರ ನನಗೆ ಇವತ್ತಿಗೂ ಸರಿ ಕಂಡಿಲ್ಲ.

ಈಗ ನೀವು ಮಾಡಬೇಕಾದದ್ದು. ಕೊಳ್ಳುವ ಮುಂಚೆ ಸ್ಟೋರ್ ಪುಟದಲ್ಲಿ ಕಾರಿನ ಫೋಟೋ ನೋಡಿ ಮರುಳಾಗದೆ ಕೆಳಗೆ ಇಳಿಯಿರಿ. ನಿರಂತರ ಇಂಟರ್ನೆಟ್ ಬೇಕು, ಖಾತೆ ಬೇಕು ಅನ್ನುವ ಸಾಲು ಅಲ್ಲೇ ಎಲ್ಲೋ ಸಣ್ಣ ಅಕ್ಷರದಲ್ಲಿ ಇರುತ್ತದೆ. ಸ್ಟೀಮ್‌ನಲ್ಲಿ ತಗೊಂಡರೆ ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ದುಡ್ಡು ವಾಪಸ್ ಕೇಳಬಹುದು. ಆ ಎರಡು ಗಂಟೆಯಲ್ಲಿ ಮೊದಲ ರೇಸ್ ಗೆಲ್ಲುವ ಆತುರ ಬೇಡ. ಸ್ಟೀಮನ್ನು ಆಫ್‌ಲೈನ್ ಮೋಡ್‌ಗೆ ಹಾಕಿ, ಕೇಬಲ್ ಕಿತ್ತು, ಗೇಮ್ ತೆರೆಯಿರಿ. ಕರಿಯರ್ ಶುರುವಾಗುತ್ತದಾ? ಸೇವ್ ಆಗುತ್ತದಾ? ಮುಚ್ಚಿ ಮತ್ತೆ ತೆರೆದಾಗ ಕಾರು ಗ್ಯಾರೇಜಿನಲ್ಲಿದೆಯಾ? ಇಲ್ಲ ಅಂದರೆ ಅದು ಬಾಡಿಗೆ ಗೇಮ್. ಬಾಡಿಗೆ ತಪ್ಪಲ್ಲ, ನನ್ನ ಕೆಫೆ ನಡೆದದ್ದೇ ಬಾಡಿಗೆಯಿಂದ. ಬಾಡಿಗೆಗೆ ಕೊಳ್ಳುವ ಬೆಲೆ ಕೊಡಬೇಡಿ ಅಂತಷ್ಟೇ ನಾನು ಹೇಳುವುದು. ಮುಕ್ಕಾಲು ಪಾಲು ಡಿಸ್ಕೌಂಟ್ ಬರುವವರೆಗೆ ಕಾಯಿರಿ, ಅಷ್ಟರಲ್ಲಿ ಅಸೆಟ್ಟೊ ಕೋರ್ಸಾ ಹಾಕಿಕೊಂಡು ಓಡಿಸಿ. ಬಂದದ್ದು 2014ರಲ್ಲೇ ಆದರೂ ನೆಟ್ ಇಲ್ಲದೆ ಓಡುತ್ತದೆ, ಕೈ ಪಳಗುವುದೂ ಅದರಲ್ಲೇ.

ಕ್ರ್ಯಾಕ್ ಹುಡುಕಿಕೊಂಡು ಹೋಗಬೇಡಿ. ವೈರಸ್ ಹತ್ತಿದ ಯಂತ್ರಗಳನ್ನು ಫಾರ್ಮ್ಯಾಟ್ ಮಾಡಿ ಮಾಡಿ ಬೆರಳು ಸವೆಸಿಕೊಂಡವನ ಮಾತಿದು. ಗೇಮಿನ ಅರ್ಧ ಜೀವ ಸರ್ವರಿನಲ್ಲೇ ಇದ್ದರೆ ಕ್ರ್ಯಾಕ್ ಮಾಡಿಯೂ ಪ್ರಯೋಜನವಿಲ್ಲ. ಮೋಸವಾಯಿತು ಅನಿಸಿದರೆ ಗೊಣಗುವ ಬದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿ ತಪ್ಪಿಸುವ ಜಾಹೀರಾತನ್ನು ತಪ್ಪು ಅನ್ನುತ್ತದೆ. ಜಿಲ್ಲಾ ಗ್ರಾಹಕ ಆಯೋಗ ಶಿವಮೊಗ್ಗದಲ್ಲೇ ಇದೆ. ಬಿಲ್ಲು, ಪೆಟ್ಟಿಗೆಯ ಫೋಟೋ, ಸ್ಟೋರ್ ಪುಟದ ಸ್ಕ್ರೀನ್‌ಶಾಟ್ ಕೊಂಡ ದಿನವೇ ತೆಗೆದಿಡಿ, ಆ ಪುಟಗಳು ಯಾವಾಗ ಬದಲಾಗುತ್ತವೆ ಅಂತ ಹೇಳಲು ಬರುವುದಿಲ್ಲ. ಮನೆಯಲ್ಲಿ ಅಪ್ಪ ಅಮ್ಮ ‘ಆನ್‌ಲೈನ್ ಗೇಮ್’ ಅಂದಕೂಡಲೇ ರಮ್ಮಿ ಅಂತ ಗಾಬರಿಯಾದರೆ ಎರಡರ ವ್ಯತ್ಯಾಸವನ್ನು ತಾಳ್ಮೆಯಿಂದ ಬಿಡಿಸಿ ಹೇಳಿ. ಅವರ ಗಾಬರಿಗೂ ಕಾರಣ ಇದೆ.

ಕೊನೆಯದು ಇಂಜಿನಿಯರಿಂಗ್ ಓದುವವರಿಗೆ. ನಿಮ್ಮಲ್ಲಿ ಕೆಲವರು ನಾಳೆ ಬೆಂಗಳೂರಿಗೋ ಯುಬಿಸಾಫ್ಟಿನ ಪುಣೆ ಸ್ಟುಡಿಯೋಗೋ ಹೋಗುತ್ತೀರಿ. ಸೇವ್ ಫೈಲ್ ಎಲ್ಲಿಡಬೇಕು, ಯಾವ ಲೆಕ್ಕವನ್ನು ಸರ್ವರ್ ಮಾಡಬೇಕು, ಯಾವುದನ್ನು ಆಡುವವನ ಯಂತ್ರಕ್ಕೇ ಬಿಡಬೇಕು ಅನ್ನುವ ಚರ್ಚೆ ನಡೆಯುವ ಮೀಟಿಂಗಿನಲ್ಲಿ ನೀವೂ ಇರುತ್ತೀರಿ. ಮೊದಲ ದಿನವೇ ಯೋಚಿಸಿದರೆ ಆಫ್‌ಲೈನ್ ಮೋಡ್ ದೊಡ್ಡ ಖರ್ಚಲ್ಲ, ಹತ್ತು ವರ್ಷ ಕಳೆದು ಹಳೆಯ ಕೋಡ್ ಬಿಚ್ಚಿ ಮಾಡಲು ಹೊರಟರೆ ಭಾರಿ ಖರ್ಚು. ಸರ್ವರ್ ಆರಿಸುವ ದಿನ ಈ ಗೇಮ್ ಏನು ಮಾಡುತ್ತದೆ ಅಂತ ಆ ಮೀಟಿಂಗಿನಲ್ಲಿ ಕೈಯೆತ್ತಿ ಕೇಳಿ. ಈಗ ಯಾಕೆ ಆ ಮಾತು ಅನ್ನುತ್ತಾರೆ. ನಿಮ್ಮೂರಲ್ಲಿ ಮಳೆಗಾಲಕ್ಕೆ ಎಷ್ಟು ದಿನ ನೆಟ್ ಇರುವುದಿಲ್ಲ ಅಂತ ಲೆಕ್ಕ ಬರೆದಿಟ್ಟುಕೊಂಡು ಹೋಗಿರಿ, ತೋರಿಸಲು ಬೇಕಾಗುತ್ತದೆ.