ಅಂಬಾಸಿಡರ್ ಮತ್ತು ಪದ್ಮಿನಿ: ಒಂದು ತೌಲನಿಕ ಅಧ್ಯಯನ

ಭಾರತದ ರಸ್ತೆಗಳನ್ನು ದಶಕಗಳ ಕಾಲ ಆಳಿದ ಕಾರುಗಳು ಎರಡು: ಅಂಬಾಸಿಡರ್ ಮತ್ತು ಜನರು ಫಿಯಟ್ ಎಂದೇ ಕರೆಯುತ್ತಿದ್ದ ಪ್ರೀಮಿಯರ್ ಪದ್ಮಿನಿ. ವಿಜ್ಞಾನ ಶಿಕ್ಷಕನಾಗಿದ್ದ ನಾನು ತರಗತಿಯಲ್ಲಿ ಇವೆರಡನ್ನೂ ಉದಾಹರಣೆಯಾಗಿ ಬಳಸುತ್ತಿದ್ದೆ. ಆ ಪಾಠದ ಸಾರವನ್ನೇ ಇಲ್ಲಿ ನಿರೂಪಿಸಿದ್ದೇನೆ.

ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಭಾರತೀಯ ರೂಪ. ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು 1957ರಲ್ಲಿ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಇದರ ತಯಾರಿಕೆಯನ್ನು ಆರಂಭಿಸಿತು. ಮುಂಬಯಿಯ ಕುರ್ಲಾದಲ್ಲಿ ತಯಾರಾದ ಪದ್ಮಿನಿ ಇಟಲಿಯ ಫಿಯಟ್ 1100ರ ಸಂತತಿ. ಪ್ರೀಮಿಯರ್ ಸಂಸ್ಥೆಯ ಸ್ಥಾಪಕರಾದ ವಾಲಚಂದ ಹಿರಾಚಂದರು 1882ರಲ್ಲಿ ಜನಿಸಿದ್ದು ನಮ್ಮ ಸೊಲ್ಲಾಪುರದಲ್ಲಿಯೇ. ಮೈಸೂರು ಸಂಸ್ಥಾನದ ಸಹಕಾರದಿಂದ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದವರೂ ಅವರೇ ಎಂಬುದು ಕನ್ನಡಿಗರಾದ ನಾವು ನೆನೆಯತಕ್ಕ ಸಂಗತಿ.

ಎರಡರ ಎಂಜಿನ್ನಿಗೂ ನಾಲ್ಕು ಸಿಲಿಂಡರುಗಳು. ಪದ್ಮಿನಿಯ ಸಿಲಿಂಡರಿನ ವ್ಯಾಸ 68 ಮಿ.ಮೀ., ಪಿಸ್ಟನ್ನಿನ ಚಲನೆ 75 ಮಿ.ಮೀ. ವೃತ್ತದ ಕ್ಷೇತ್ರಫಲವನ್ನು ಎತ್ತರದಿಂದ ಗುಣಿಸಿ, ನಾಲ್ಕರಿಂದ ಪುನಃ ಗುಣಿಸಿದರೆ 1089 ಘನ ಸೆಂ.ಮೀ. ದೊರೆಯುತ್ತದೆ. ಅಂಬಾಸಿಡರ್ ಬಹುಕಾಲ ಹೊತ್ತಿದ್ದ ಎಂಜಿನ್ನಿನಲ್ಲಿ ಈ ಅಳತೆಗಳು ಸುಮಾರು 73 ಮತ್ತು 89 ಮಿ.ಮೀ.; ಘನಫಲ 1489 ಘನ ಸೆಂ.ಮೀ. ಘನಫಲ ಹೆಚ್ಚಿದಂತೆ ಒಂದು ಆವರ್ತದಲ್ಲಿ ಉರಿಯಬಲ್ಲ ಇಂಧನವೂ, ಎಳೆಯುವ ಬಲವೂ ಹೆಚ್ಚುತ್ತವೆ. ಆದುದರಿಂದಲೇ ತುಂಬಿದ ಕುಟುಂಬಕ್ಕೂ ಸರಕಾರಿ ಸವಾರಿಗೂ ಅಂಬಾಸಿಡರ್ ಒಪ್ಪಿತು. ಹಗುರವಾದ ಪದ್ಮಿನಿ ಇಕ್ಕಟ್ಟಾದ ನಗರಕ್ಕೆ ಒಪ್ಪಿತು.

ಹಿಂಬದಿಯಲ್ಲಿ ಎರಡಕ್ಕೂ ಪಟ್ಟಿ ಸ್ಪ್ರಿಂಗುಗಳೇ. ಮುಂಬದಿಯಲ್ಲಿ ಪದ್ಮಿನಿಗೆ ಸುರುಳಿ ಸ್ಪ್ರಿಂಗು, ಅಂಬಾಸಿಡರಿಗೆ ತಿರುಚುವ ಉಕ್ಕಿನ ಸರಳು. ಸುರುಳಿಯನ್ನು ಅದುಮಿದಾಗ ಅದರ ತಂತಿಯೂ ತಿರುಚಿಕೊಳ್ಳುತ್ತದೆ. ಆಕಾರ ಬೇರೆಯಾದರೂ ತತ್ತ್ವ ಒಂದೇ. ಇದನ್ನು ಕೇಳಿದ ವಿದ್ಯಾರ್ಥಿಗಳ ಮುಖದಲ್ಲಿ ಮೂಡುತ್ತಿದ್ದ ಬೆರಗು ನನಗೆ ಇಂದಿಗೂ ಪ್ರಿಯ.

ಸರಳ ರಚನೆಯೇ ಇವುಗಳ ಗುಣ. ಸಣ್ಣ ಊರಿನ ಮೇಸ್ತ್ರಿಯೂ ಬಿಚ್ಚಿ ಜೋಡಿಸಬಲ್ಲವನಾಗಿದ್ದನು. ಆದರೆ ಪರವಾನಗಿ ನೀತಿಯ ಆಶ್ರಯದಲ್ಲಿ ಸ್ಪರ್ಧೆ ವಿರಳವಾಗಿ, ಗ್ರಾಹಕರು ವರ್ಷಗಟ್ಟಲೆ ಕಾಯಬೇಕಾಯಿತು. ಮೂಲ ವಿನ್ಯಾಸವು ಹೆಚ್ಚು ಬದಲಾಗಲಿಲ್ಲ. 1983ರಲ್ಲಿ ಮಾರುತಿ 800 ಬಂದೊಡನೆ ಕೊರತೆಗಳು ಎದ್ದುಕಂಡವು. 2000ದ ಸುಮಾರಿಗೆ ಪದ್ಮಿನಿಯ, 2014ರಲ್ಲಿ ಅಂಬಾಸಿಡರಿನ ತಯಾರಿಕೆ ನಿಂತಿತು. ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳು 2023ರಲ್ಲಿ ವಿದಾಯ ಹೇಳಿದವು.

ಕೇವಲ ಆಶ್ರಯದಿಂದ ಯಾವುದೂ ಬಾಳುವುದಿಲ್ಲ, ಕಾಲಕಾಲಕ್ಕೆ ಹೊಸತಾಗಬೇಕು. ಐವತ್ತು ತುಂಬಿದ ಗಡಿನಾಡಿನ ಕನ್ನಡ ಶಾಲೆಗೂ ಈ ಮಾತು ಸಲ್ಲುತ್ತದೆ. ಮಕ್ಕಳಿಗೆ ಹೊಸ ವಿಜ್ಞಾನವನ್ನು ತಾಯ್ನುಡಿಯಲ್ಲಿ ಕೊಡುವವರೆಗೆ ಮಾತ್ರ ನಮ್ಮ ಶಾಲೆಗೆ ಮುಂದಿನ ದಾರಿ ಉಂಟು.